ಮಾಡಿನ ಅಂಚು ಹಲಗೆ ಲಡ್ಡಾಗಿದೆ (ಕೊಳೆತಿದೆ), ಹೊಸ ದಂಬೆ ಹಾಕುವ ಮೊದಲು ಎಂತ ಮಾಡ್ಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ರ ಅಜ್ಜ ಕಟ್ಟಿಸಿದ ಮನೆ, ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ಕೆಲವು ವರ್ಷದ ಹಿಂದೆ ಮೇ ತಿಂಗಳ ಕೊನೆಗೆ ಗಡಿಬಿಡಿಯಲ್ಲಿ ಹಳೇ ಹಲಗೆಗೇ ಹೊಸ ಪಿವಿಸಿ ದಂಬೆ (ಮಾಡಿನ ಅಂಚಲ್ಲಿ ಮಳೆನೀರು ಹಿಡಿದು ಸಾಗಿಸುವ ತೋಡು) ಹೊಡೆಸಿದೆ, ಮೇಲಿಂದ ಚಂದ ಪೈಂಟ್ ಬೇರೆ. ಜೂನಲ್ಲಿ ಒಂದು ರಾತ್ರಿ ಮಳೆಗೆ ಇಡೀ ದಂಬೆ ಅಂಗಳಕ್ಕೆ ಬಿತ್ತು. ಬೆಳಿಗ್ಗೆ ಹೋಗಿ ನೋಡಿದ್ರೆ ದಂಬೆಯ ಸ್ಕ್ರೂ ಒಂದೂ ಬಿಟ್ಟಿರಲಿಲ್ಲ, ಎಲ್ಲ ಹಲಗೆಯಲ್ಲಿ ಗಟ್ಟಿಯಾಗಿಯೇ ಇತ್ತು, ಹಲಗೆಯೇ ಪಕ್ಕಾಸು (ಹಂಚಿನ ಭಾರ ಹೊರುವ ಇಳಿಜಾರಿನ ಮರ) ಬಿಟ್ಟು ಬಂದಿತ್ತು. ಅಲ್ಲಿಂದ ಇಲ್ಲಿವರೆಗೆ ನೆಂಟರು, ಆಚೆಮನೆಯವರು ಎಲ್ಲ ಫೋನ್ ಮಾಡಿ ಕೇಳೋದು ಇದೇ ಪ್ರಶ್ನೆಗಳು, ಹಾಗಾಗಿ ಒಂದೇ ಕಡೆ ಬರೆದಿಟ್ಟಿದ್ದೇನೆ.

ಅಂಚು ಹಲಗೆ ಅಂದ್ರೆ ಯಾವ್ದು? ಅಂಗಡಿಯಲ್ಲಿ ಎಂತ ಹೇಳಿ ಕೇಳೋದು?

ಪಕ್ಕಾಸುಗಳ ತುದಿಗೆ ಅಡ್ಡವಾಗಿ, ಅಂಗಳದ ಕಡೆ ಮುಖ ಮಾಡಿ ಹೊಡೆದಿರ್ತಾರಲ್ಲ ಉದ್ದ ಹಲಗೆ, ಅದೇ. ಈಗಿನ ಇಂಜಿನಿಯರ್‌ಗಳು ಫೇಶಿಯಾ ಅಂತಾರೆ, ಹಳೇ ಆಚಾರಿಗಳಲ್ಲಿ (ಬಡಗಿಗಳಲ್ಲಿ) ವಾಮಡ ಅಂದ್ರೆ ಅರ್ಥ ಆಗ್ತದೆ. ದಂಬೆ ಅಂದ್ರೆ ನಮ್ಮಲ್ಲಿ ಮೊದಲು ಅಡಿಕೆ ಮರ ಸೀಳಿ ತಿರುಳು ತೆಗೆದು ಮಾಡ್ತಿದ್ದದ್ದು, ಈಗ ಪಿವಿಸಿ ಬಂದ್ರೂ ಬಾಯಲ್ಲಿ ಅದೇ ಹೆಸರು. ಕಾಸರಗೋಡು ಪೇಟೆಯ ಅಂಗಡಿಯಲ್ಲಿ ದಂಬೆ ಅಂದ್ರೆ ಕೆಲವು ಹುಡುಗರು ಮುಖ ನೋಡ್ತಾರೆ, ಮಲಯಾಳದಲ್ಲಿ ಪಾತ್ತಿ ಅನ್ನಿ, ಕೂಡಲೇ ತೆಗೆದು ಕೊಡ್ತಾರೆ. ಹಾಗೇ ಪಕ್ಕಾಸಿಗೆ ಕಳುಕ್ಕೋಲ್, ರೀಪಿಗೆ (ಹಂಚು ಕೂರುವ ಅಡ್ಡಪಟ್ಟಿ) ಪಟ್ಟಿಗ, ಒರಳೆಗೆ (ಗೆದ್ದಲು) ಚಿದಲ್. ಕೆಲಸದವರ ಹತ್ರ ಮಾತಾಡುವಾಗ ಇಷ್ಟು ಗೊತ್ತಿದ್ರೆ ಅರ್ಧ ಜಗಳ ಕಮ್ಮಿ.

ಹಳೇ ಹಲಗೆ ಮೇಲೆಯೇ ಹೊಡೆದ್ರೆ ಎಂತ ಆಗ್ತದೆ? ದಂಬೆ ಹಗುರ ಅಲ್ವಾ?

ಖಾಲಿ ದಂಬೆ ಹಗುರ, ಒಪ್ಪಿದೆ. ತುಂಬಿದ ದಂಬೆಯ ಲೆಕ್ಕ ಹಾಕಿ ನೋಡಿ. 6 ಇಂಚು ಅಗಲದ ಅರ್ಧ ಉರುಟಿನ ದಂಬೆಯಲ್ಲಿ ಬಾಯಿವರೆಗೆ ನೀರು ನಿಂತ್ರೆ ಮೀಟರಿಗೆ ಸುಮಾರು 9 ಲೀಟರ್, 40 ಫೀಟು ಉದ್ದ ಇದ್ರೆ 110 ಲೀಟರ್, ಅಂದ್ರೆ 50 ಕಿಲೋದ ಎರಡು ಅಕ್ಕಿ ಮೂಟೆ ಮಾಡಿನ ತುದಿಗೆ ನೇತು ಹಾಕಿದ ಹಾಗೆ, ಮತ್ತೆ ಅದರ ಮೇಲೆ ಹಲಸಿನ ಎಲೆ, ಕೆಸರು, ಗಾಳಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಹೆಚ್ಚಿನದ್ದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರೀತದೆ. ಬಯಲುಸೀಮೆಯ ವಿಡಿಯೋ ನೋಡಿ ಇಲ್ಲಿ ದಂಬೆ ಕಟ್ಟಿದ್ರೆ ಆಗೋದಿಲ್ಲ ಮಾರಾಯ್ರೆ.

ಲಡ್ಡಾಗಿದೆ ಅಂತ ಕೆಳಗಿಂದ ನೋಡಿದ್ರೆ ಗೊತ್ತಾಗ್ತದಾ?

ಇಲ್ಲ. ಪೈಂಟ್ ಎದುರು ಭಾಗದಲ್ಲಿ ಸರಿಯಾಗಿಯೇ ಇರ್ತದೆ, ಹಲಗೆ ಹೋಗೋದು ಹಿಂದಿನ ಮುಖದಿಂದ ಮತ್ತು ಮೇಲಿನ ಅಂಚಿಂದ. ಏಣಿ ಇಟ್ಟು ಹತ್ತಿ, ಹಳೇ ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿ. ಒಳ್ಳೇ ಮರದಲ್ಲಿ ತುದಿ ನಿಲ್ತದೆ, ಟಕ್ ಟಕ್ ಶಬ್ದ ಬರ್ತದೆ. ಕುಂಬಾದ (ಕೊಳೆತ) ಮರದಲ್ಲಿ ಒದ್ದೆ ಬಿಸ್ಕತ್ತಿಗೆ ಚುಚ್ಚಿದ ಹಾಗೆ ಒಳಗೆ ಹೋಗ್ತದೆ, ಶಬ್ದವೂ ಬೊದ್ದು. ಮುಖ್ಯವಾಗಿ ಚುಚ್ಚಬೇಕಾದ ಜಾಗ ಅಂದ್ರೆ ಎರಡು ಹಲಗೆ ಸೇರುವ ಜಾಯಿಂಟ್, ಮಾಡು ತಿರುಗುವ ಮೂಲೆ, ದಂಬೆ ಹಿಡಿಯುವ ಹಳೇ ಕೊಕ್ಕೆಯ ತೂತುಗಳ ಸುತ್ತ, ಮತ್ತೆ ಮೊದಲ ಸಾಲಿನಲ್ಲಿ ಒಡೆದ ಹಂಚು ಇರುವ ಕಡೆ. ನಾಲ್ಕು ಹಂಚು ಎತ್ತಿ ಹಿಂದಿನಿಂದಲೂ ನೋಡಿ. ಹಂಚು ಎತ್ತದೆ "ಎಲ್ಲ ಸರಿ ಉಂಟು" ಹೇಳುವ ಕೆಲಸದವರನ್ನು ನಾನಂತೂ ಈಗ ನಂಬುದಿಲ್ಲ.

ಇದು ಕುಂಬಾ, ಒರಳೆಯಾ, ಕುಟ್ಟೆಯಾ?

ಮದ್ದು ಬೇರೆ ಬೇರೆ ಆದ್ದರಿಂದ ಗೊತ್ತಿರಬೇಕು. ಕುಂಬು ಅಂದ್ರೆ ಬೂಸ್ಟು ಮರವನ್ನು ತಿಂದದ್ದು, ಮರ ಕಪ್ಪು ಕಂದು ಆಗಿ ಅಡ್ಡ ಉದ್ದ ಬಿರುಕು ಬಿಟ್ಟು ಚೌಕ ಚೌಕ ತುಂಡಾಗಿ ಬರ್ತದೆ, ಇಲ್ಲಾ ಬಿಳಚಿಕೊಂಡು ನಾರು ನಾರಾಗ್ತದೆ. ಮರದಲ್ಲಿ ನೀರಿನ ಅಂಶ ನೂರಕ್ಕೆ 20ರ ಒಳಗೆ ಇದ್ರೆ ಬೂಸ್ಟು ಬೆಳೆಯೋದಿಲ್ಲ, ಹಾಗಾಗಿ ಇದಕ್ಕೆ ನಿಜವಾದ ಮದ್ದು ನೀರು ನಿಲ್ಲಿಸೋದು. ಒರಳೆ ಆದ್ರೆ ಗೋಡೆಯಲ್ಲಿ ಮಣ್ಣಿನ ಗೆರೆ ಕಾಣ್ತದೆ, ಹಲಗೆ ಒಳಗೆ ಟೊಳ್ಳು, ಟೊಳ್ಳಿನಲ್ಲಿ ಮಣ್ಣು. ಅದಕ್ಕೆ ಹಲಗೆ ಬದಲಾಯಿಸಿದ್ರೆ ಮಾತ್ರ ಸಾಲದು, ನೆಲದಿಂದ ಮೇಲೆ ಬರುವ ದಾರಿ ಹುಡುಕಿ ಮದ್ದು ಬಿಡಿಸಬೇಕು. ಕುಟ್ಟೆ (ಮರ ಕೊರೆಯುವ ಹುಳ) ಆದ್ರೆ ಸಣ್ಣ ಸಣ್ಣ ಉರುಟು ತೂತು, ಕೆಳಗೆ ಜಗಲಿಯಲ್ಲಿ ಹುಡಿ ಬೀಳ್ತದೆ. ನಮ್ಮ ಮನೆಯಲ್ಲಿ ಮೂರೂ ಇತ್ತು, ಒಂದೇ ಹಲಗೆಯಲ್ಲಿ!

ಅಜ್ಜನ ಕಾಲದ ಹಲಗೆ 50 ವರ್ಷ ಬಂತು, ಅಪ್ಪ ಹಾಕಿಸಿದ್ದು ಹತ್ತೇ ವರ್ಷಕ್ಕೆ ಹೋಯ್ತು, ಯಾಕೆ?

ಒಂದು, ಮರ. ಆಗ ಹಳೇ ಮರದ ತಿರುಳು ಮಾತ್ರ ಹಾಕ್ತಿದ್ರು, ಈಗ ಎಳೇ ಮರದ ಬಿಳಿ ಭಾಗವೂ ಹಲಗೆಯಲ್ಲಿ ಬರ್ತದೆ, ಬಿಳಿ ಭಾಗ ಎಷ್ಟು ಒಳ್ಳೇ ಜಾತಿಯ ಮರ ಆದ್ರೂ ಬಾಳಿಕೆ ಬರೋದಿಲ್ಲ. ಎರಡನೇದು ಯಾರೂ ಯೋಚನೆ ಮಾಡೋದಿಲ್ಲ, ಅಜ್ಜನ ಕಾಲದಲ್ಲಿ ದಂಬೆ ಇದ್ದದ್ದು ಎರಡು ಮಾಡು ಸೇರುವ ಸಂದಿಗೆ ಮಾತ್ರ, ಬಾಕಿ ಕಡೆ ನೀರು ಹಂಚಿಂದ ಸೀದಾ ಅಂಗಳಕ್ಕೆ ಬೀಳ್ತಿತ್ತು, ಹಲಗೆ ಬಿಸಿಲಿಗೆ ಒಣಗ್ತಿತ್ತು. ನಾವು ಹಲಗೆಗೆ ಒತ್ತಿ ದಂಬೆ ಕಟ್ಟಿದ ಮೇಲೆ ಆ ಸಂದಿಯಲ್ಲಿ ಎಲೆ ಕೂತು ನವೆಂಬರ್‌ವರೆಗೆ ಒದ್ದೆ. ಅಂದ್ರೆ ದಂಬೆ ಹಲಗೆಯನ್ನು ಉಳಿಸ್ಲಿಕ್ಕೆ ಅಂತ ಹಾಕೋದು, ತಪ್ಪಾಗಿ ಹಾಕಿದ್ರೆ ಅದೇ ಹಲಗೆಯನ್ನು ತಿನ್ನೋದು.

ಸ್ವಲ್ಪ ಮಾತ್ರ ಹೋಗಿದೆ. ಎಂ-ಸೀಲೋ ಪುಟ್ಟಿಯೋ ತುಂಬಿಸಿದ್ರೆ ಸಾಕಾ?

ಹಳೇ ಮೊಳೆ ತೂತು, ಬೆರಳು ಗಾತ್ರದ ಹೊಂಡ, ಇಷ್ಟಕ್ಕೆ ಸಾಕು, ಅದೂ ಕುಂಬು ಪೂರಾ ಕೆರೆದು ಒಳ್ಳೇ ಮರ ಸಿಗುವವರೆಗೆ ಹೋಗಿ, ಒಣಗಿಸಿ ಆಮೇಲೆ. ಕೊಕ್ಕೆ ಬರುವ ಜಾಗದಲ್ಲಿ ಮಾತ್ರ ಪುಟ್ಟಿ ಖಂಡಿತ ಬೇಡ, ಪುಟ್ಟಿಗೆ ಸ್ಕ್ರೂ ಹಿಡಿಯೋದು ಅಂದ್ರೆ ಬೆಣ್ಣೆಗೆ ಮೊಳೆ ಹೊಡೆದ ಹಾಗೆ. ಕೈ ಅಗಲಕ್ಕಿಂತ ಹೆಚ್ಚು ಹೋಗಿದ್ರೆ ಆ ತುಂಡು ಕತ್ತರಿಸಿ ತೆಗೀರಿ. ಕತ್ತರಿಸುವಾಗ ಕುಂಬು ಕಂಡ ಜಾಗಕ್ಕೇ ಗರಗಸ ಇಡಬೇಡಿ, ಎರಡು ಬದಿಗೂ ಇನ್ನೂ ಒಂದು ಫೀಟು ಒಳ್ಳೇ ಮರಕ್ಕೆ ಹೋಗಿ, ಹತ್ತಿರದ ಪಕ್ಕಾಸಿನ ನಡು ಮಧ್ಯಕ್ಕೆ ಬರುವ ಹಾಗೆ ಕತ್ತರಿಸಿ. ಎರಡು ತುದಿಗೂ ಹಿಂದಿನಿಂದ ಆಧಾರ ಬೇಕಲ್ಲ. ನೇರ ಕತ್ತರಿಸುವ ಬದಲು ಓರೆಗೆ, 45 ಡಿಗ್ರಿಗೆ ಕತ್ತರಿಸಿ ಒಂದರ ಮೇಲೆ ಒಂದು ಕೂರಿಸಿದ್ರೆ ಮರ ಸಣ್ಣಗಾದ್ರೂ ಬಾಯಿ ಬಿಡೋದಿಲ್ಲ.

ಹಲಗೆ ತೆಗೆದ ಮೇಲೆ ನೋಡಿದ್ರೆ ಪಕ್ಕಾಸಿನ ತುದಿಗಳೂ ಹೋಗಿವೆ. ಈಗ ಎಂತ ಮಾಡೋದು?

ಇದೇ ನಿಜವಾದ ಕೆಲಸ, ಬಾಕಿ ಎಲ್ಲ ಅಲಂಕಾರ. ದಂಬೆಯ ಭಾರ ಹಲಗೆಗೆ, ಹಲಗೆಯ ಭಾರ ಪಕ್ಕಾಸಿಗೆ. ನಮ್ಮಲ್ಲಿ ಬಿದ್ದದ್ದೂ ಅದಕ್ಕೇ, ಪಕ್ಕಾಸಿನ ತುದಿ ಹುಡಿ ಆಗಿ ಮೊಳೆ ಹಿಡಿಯಲಿಲ್ಲ.

ಎಲ್ಲರೂ ಮೊದಲು ಕೇಳೋದು, ಹೋದ ತುದಿಯನ್ನು ನೂಲು ಹಿಡಿದು ಒಂದೇ ಸಾಲಿಗೆ ಕತ್ತರಿಸಿದ್ರೆ ಆಗದಾ ಅಂತ. ಅರ್ಧ ಇಂಚು, ಹೆಚ್ಚೆಂದ್ರೆ ಒಂದಿಂಚು ಕತ್ತರಿಸಬಹುದು. ಅದಕ್ಕಿಂತ ಹೆಚ್ಚು ಕತ್ತರಿಸಿದ್ರೆ ಹಲಗೆ ಒಳಗೆ ಹೋಗ್ತದೆ, ಹಂಚಿನ ಸಾಲು ಮಾತ್ರ ಇದ್ದಲ್ಲೇ ಇರ್ತದೆ, ನೀರು ದಂಬೆಯ ಮೇಲಿಂದ ಹಾರಿ ಆಚೆ ಬೀಳ್ತದೆ. ಆಚಾರಿ "ಒಂದು ಗೇಣು ಕಡಿದು ಬಿಡುವ" ಅಂದ್ರೆ ಈ ಮಾತು ನೆನಪಿಸಿ.

ಸರಿಯಾದ ದಾರಿ ಜೋಡಿ ಪಕ್ಕಾಸು. ಹೋದ ಭಾಗ ಕತ್ತರಿಸಿ ತೆಗೆದು, ಅದೇ ದಪ್ಪದ ಒಳ್ಳೇ ಮರದ ತುಂಡು ಹಳೇ ಪಕ್ಕಾಸಿನ ಬದಿಗೆ ಒತ್ತಿ ಇಟ್ಟು ಬೋಲ್ಟ್ ಹಾಕೋದು, ಮೊಳೆ ಅಲ್ಲ ಬೋಲ್ಟ್, 10 ಮಿ.ಮೀ.ದು ಮೂರಾದ್ರೂ ಬೇಕು, ವಾಶರ್ ಸಮೇತ. ಗೋಡೆಯಿಂದ ಹೊರಗೆ ಒಂದು ಫೀಟು ಚಾಚಿದ್ರೆ ಒಳಗೆ ಎರಡು ಫೀಟು ಹೋಗಬೇಕು, ತಕ್ಕಡಿಯ ಲೆಕ್ಕ. ಗೋಡೆಯ ಹೊರಗೆ ಮಾತ್ರ ಒಂದು ತುಂಡು ಅಂಟಿಸಿ ಮೊಳೆ ಹೊಡೆದ್ರೆ ಒಂದೇ ಮಳೆಗಾಲ. ಜಗಲಿಯಿಂದ ಪಕ್ಕಾಸು ಕಾಣುವ ಮನೆ ಆದ್ರೆ ಜೋಡಿ ತುಂಡು ಕಣ್ಣಿಗೆ ಚಂದ ಕಾಣೋದಿಲ್ಲ, ಆಗ ಹಳೇ ಆಚಾರಿ ಯಾರಾದ್ರೂ ಸಿಕ್ಕಿದ್ರೆ ಓರೆ ಕಚ್ಚು ಹಾಕಿ ಪಕ್ಕಾಸು ಜೋಡಿಸಿ ಕೊಡ್ತಾರೆ, ಕಚ್ಚು ಗೋಡೆಯ ಒಳಗಿನ ಕಡೆಗೆ ಬರಬೇಕು, ಹೊರಗೆ ನೇತಾಡುವ ಭಾಗದಲ್ಲಿ ಬರಬಾರದು. ಮೂರ್ನಾಲ್ಕು ಪಕ್ಕಾಸು ಒಟ್ಟೊಟ್ಟಿಗೆ ಹೋಗಿದ್ರೆ ಕೆಳಗಿಂದ ಊರುಗೋಲು ಕೊಟ್ಟೇ ಕೆಲಸ ಶುರು ಮಾಡಿ, ಮೇಲೆ ಹಂಚಿನ ಭಾರ ಉಂಟು.

ಹೊಸ ಹಲಗೆಗೆ ಯಾವ ಮರ?

ಹಲಸಿನ ತಿರುಳು ಒಳ್ಳೇದು, ಮನೆ ತೋಟದಲ್ಲೇ ಸಿಗ್ತದೆ, ಹೆಬ್ಬಲಸು ಕೂಡ ಆಗ್ತದೆ. ಬೋಗಿ ಸಿಕ್ಕಿದ್ರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ, ಸಿಗೋದು ಕಷ್ಟ. ತೇಗದ ತಿರುಳಿಗೆ ಮಾತೇ ಇಲ್ಲ, ರೇಟಿಗೂ ಮಾತಿಲ್ಲ. ಮಾವು ಬೇಡವೇ ಬೇಡ, ಮಳೆ ಬಿದ್ದ ಕಡೆ ಅದು ಬೇಗ ಹೋಗ್ತದೆ. ಹಳೇ ಮನೆ ಬಿಚ್ಚುವ ಕಡೆ ಪಕ್ಕಾಸು, ಜಂತಿ ಮಾರ್ತಾರಲ್ಲ, ಅದನ್ನು ಸೀಳಿಸಿದ್ರೆ ಚೆನ್ನಾಗಿ ಒಣಗಿದ ಹಲಗೆ ಸಿಗ್ತದೆ, ಕುಟ್ಟೆ ತೂತು ಇಲ್ಲದ್ದು ನೋಡಿ ತನ್ನಿ. ಹಸಿ ಮರ ಸೀಳಿಸಿದ್ರೆ ಒಂದಿಂಚು ದಪ್ಪಕ್ಕೆ ಹೆಚ್ಚುಕಮ್ಮಿ ಒಂದು ವರ್ಷ ನೆರಳಲ್ಲಿ ಒಣಗಬೇಕು ಅನ್ನೋದು ಹಳೇ ಲೆಕ್ಕ. ದಪ್ಪ ಒಂದೂಕಾಲು ಇಂಚು ಇರಲಿ, ಮುಕ್ಕಾಲಿಂಚಿನದ್ದು ಕೊಕ್ಕೆ ಹಿಡಿಯೋದಿಲ್ಲ.

ಇನ್ನೊಂದು, ಹಲಗೆಯ ಮೇಲಿನ ಅಂಚಿನ ಎತ್ತರ ಮೊದಲು ಇದ್ದಷ್ಟೇ ಇರಬೇಕು. ಮೊದಲ ಸಾಲಿನ ಹಂಚಿಗೆ ಕೆಳಗೆ ಇನ್ನೊಂದು ಹಂಚು ಇಲ್ಲವಲ್ಲ, ಹಾಗಾಗಿ ಅದರ ಮೂಗನ್ನು ಎತ್ತಿ ಹಿಡಿಯೋದು ಈ ಹಲಗೆಯೇ. ಅರ್ಧ ಇಂಚು ತಗ್ಗಿದ್ರೂ ಹಂಚು ಮೂಗು ಕೆಳಗೆ ಹಾಕಿ ಎರಡನೇ ಸಾಲಿನ ಹತ್ರ ಬಾಯಿ ಬಿಡ್ತದೆ. ಹಳೇ ಹಲಗೆ ಬಿಸಾಡುವ ಮೊದಲು ಅಳತೆ ತೆಗೀರಿ.

ಮಲ್ಟಿವುಡ್ (ಪಿವಿಸಿ ಹಲಗೆ), ಸಿಮೆಂಟ್ ಬೋರ್ಡ್ ಹಾಕಿದ್ರೆ ಒರಳೆ ಕುಂಬು ಎರಡೂ ಇಲ್ಲ ಅಂತಾರೆ?

ನೋಟಕ್ಕೆ ಆಗ್ತದೆ, ಭಾರಕ್ಕೆ ಆಗೋದಿಲ್ಲ. ಅವುಗಳಲ್ಲಿ ಸ್ಕ್ರೂ ಗಟ್ಟಿ ಹಿಡಿಯೋದಿಲ್ಲ, ಹಿಂದಿನ ಪಕ್ಕಾಸಿಗೇ ಸ್ಕ್ರೂ ಹೋಗುವ ಹಾಗಿದ್ರೆ ಮಾತ್ರ ಹಾಕಿ. ಟ್ರಸ್ ವರ್ಕ್ (ಕಬ್ಬಿಣದ ಪೈಪಿನ ಮಾಡು) ಮಾಡಿಸಿದವರಿಗೆ ಈ ತಲೆಬಿಸಿಯೇ ಇಲ್ಲ, ಜಿಐ ಪೈಪಿಗೆ ಸೀದಾ ಕೊಕ್ಕೆ, ವೆಲ್ಡಿಂಗ್ ಜಾಗಕ್ಕೆ ತುಕ್ಕು ಹಿಡಿಯದ ಹಾಗೆ ಪೈಂಟ್ ಕೊಟ್ರೆ ಆಯ್ತು.

ಪೈಂಟ್ ಮೊದಲಾ, ಹಲಗೆ ಕೂರಿಸೋದು ಮೊದಲಾ? ಗೇರೆಣ್ಣೆ ಹಾಕಬಹುದಾ?

ಪೈಂಟ್ ಮೊದಲು, ನೆಲದಲ್ಲಿ ಇಟ್ಟುಕೊಂಡೇ. ಆರೂ ಮುಖಕ್ಕೆ ಪ್ರೈಮರ್ ಬೇಕು, ಎದುರು, ಹಿಂದೆ, ಮೇಲೆ, ಕೆಳಗೆ, ಮತ್ತೆ ಎರಡು ಕತ್ತರಿಸಿದ ತುದಿ. ಈ ತುದಿಗಳಿಗೆ ಎರಡು ಸಲ ಹೆಚ್ಚಿಗೆ ಕೊಡಿ, ಮರ ನೀರು ಕುಡಿಯೋದು ಅಲ್ಲಿಂದಲೇ. ಮೇಲೆ ಕೂರಿಸುವಾಗ ಮತ್ತೆ ಕತ್ತರಿಸಿದ್ರೆ ಆ ಹೊಸ ತುದಿಗೂ ಆಗಲೇ ಬ್ರಶ್ ಎಳೀರಿ, ಕೆಲಸದವರು ಇದನ್ನು ಬಿಟ್ಟೇ ಬಿಡ್ತಾರೆ, ನೀವೇ ಡಬ್ಬಿ ಹಿಡಿದು ಕೆಳಗೆ ನಿಲ್ಲಬೇಕು.

ಗೇರುಬೀಜದ ಸಿಪ್ಪೆಯ ಎಣ್ಣೆ ನಮ್ಮ ಕಡೆ ಹಿಂದಿನಿಂದ ಮರಕ್ಕೆ, ದೋಣಿಗೆ ಹಚ್ಚುತ್ತಾ ಬಂದದ್ದು, ಒರಳೆಗೂ ಕುಂಬಿಗೂ ಒಳ್ಳೇದು. ಆದ್ರೆ ಕೈಗೆ ಮುಖಕ್ಕೆ ತಾಗಿದ್ರೆ ಚರ್ಮ ಸುಟ್ಟು ಗುಳ್ಳೆ ಏಳ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ, ಒಣಗ್ಲಿಕ್ಕೂ ಸುಮಾರು ದಿನ ಬೇಕು, ಒಣಗದೆ ಪೈಂಟ್ ಕೂರೋದಿಲ್ಲ. ನಾನು ಪಕ್ಕಾಸಿಗೆ ಗೇರೆಣ್ಣೆ, ಹಲಗೆಗೆ ಪ್ರೈಮರ್ ಮತ್ತೆ ಎರಡು ಕೈ ಎನಾಮಲ್ ಅಂತ ಹಂಚಿಕೊಂಡೆ.

ಹಳೇ ಪೈಂಟ್ ಕೆರೆಯುವಾಗ ಎಂತಾದ್ರೂ ಜಾಗ್ರತೆ ಬೇಕಾ?

ಬೇಕು. ಮನೆಗೆ ಹಚ್ಚುವ ಪೈಂಟಲ್ಲಿ ಸೀಸ 90 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ 90 ಪಾಲು) ಹೆಚ್ಚು ಇರಬಾರದು ಅನ್ನುವ ಕಾನೂನು ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಲ್ಲಿ, ಅಂದ್ರೆ ಅಜ್ಜನ ಕಾಲದ ಹಸುರು ಎನಾಮಲಲ್ಲಿ ಸೀಸ ಇರುವ ಸಂಭವ ಉಂಟು. ಒಣ ಉಜ್ಜಬೇಡಿ, ನೀರು ಚಿಮುಕಿಸಿ ಕೆರೀರಿ, ಮೂಗಿಗೆ ಮಾಸ್ಕ್, ಮಕ್ಕಳು ದೂರ. ಕೆರೆದದ್ದನ್ನು, ಹಳೇ ಹಲಗೆಯನ್ನು ಬಚ್ಚಲು ಒಲೆಗೆ ಹಾಕಬೇಡಿ. ಹಳೇ ದಂಬೆ ಆಸ್ಬೆಸ್ಟೋಸ್‌ನದ್ದಾದ್ರೆ ಒಡೆಯದೆ, ಕೊಯ್ಯದೆ, ಒದ್ದೆ ಮಾಡಿ ಇಡೀದಾಗಿ ಇಳಿಸಿ.

ಮೊಳೆ ಸಾಕಾ, ಸ್ಕ್ರೂ ಬೇಕಾ?

ಸ್ಕ್ರೂ, ಅದೂ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಸ್ಟೀಲ್. ಕುಂಬಳೆ, ಉಪ್ಪಳ, ಮಂಜೇಶ್ವರ ಹೀಗೆ ಕಡಲ ಬದಿಯವರಿಗೆ ಉಪ್ಪು ಗಾಳಿಗೆ ಬರೀ ಕಬ್ಬಿಣ ನಿಲ್ಲೋದೇ ಇಲ್ಲ, ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಹಾಳು ಮಾಡ್ತದೆ. ಪಕ್ಕಾಸಿನ ಒಳಗೆ ಎರಡಿಂಚಾದ್ರೂ ಹೋಗುವಷ್ಟು ಉದ್ದ ಇರಲಿ. ಮೊದಲು ಸಣ್ಣ ಬಿಟ್‌ನಲ್ಲಿ ತೂತು ಕೊರೆದೇ ಸ್ಕ್ರೂ ಹಾಕಿ, ಒಣಗಿದ ಹಲಸು ಸೀಳಿ ಬಿಡ್ತದೆ.

ಮಾಡಿನ ಬದಿಯ ಕೆತ್ತನೆ ಹಲಗೆ ಕೂಡ ಹೋಗಿದೆ. ಅದನ್ನು ತೆಗೆದು ಬಿಸಾಡುವುದಾ?

ತಡೀರಿ. ಅದಕ್ಕೆ ದಂಬೆಯ ಭಾರ ಬರೋದಿಲ್ಲ, ಹಾಗಾಗಿ ಪುಟ್ಟಿ, ತುಂಡು ಜೋಡಣೆ ಎಲ್ಲ ಅಲ್ಲಿ ನಡೀತದೆ. ಹೋದ ಎಸಳು, ಬಳ್ಳಿ ಮಾತ್ರ ಕತ್ತರಿಸಿ, ಉಳಿದದ್ದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನಕ್ಷೆ ತೆಗೆದು ಆಚಾರಿಗೆ ಕೊಡಿ. ಒಮ್ಮೆ ಬಿಸಾಡಿದ್ರೆ ಹಾಗಿನದ್ದು ಮತ್ತೆ ಬರೋದಿಲ್ಲ, ನಮ್ಮಲ್ಲಿ ಮೂಡು ಬದಿಯದ್ದು ನಾನೇ ಒಲೆಗೆ ಹಾಕಿಸಿದ್ದೆ, ಅಮ್ಮ ಈಗಲೂ ಹೇಳ್ತಾ ಇರ್ತಾರೆ.

ಕೊನೆಗೆ ದಂಬೆ! ಇಳಿಜಾರು, ಕೊಕ್ಕೆ ಎಲ್ಲ ಹೇಗೆ?

ಕೊಕ್ಕೆ ಎರಡು ಫೀಟಿಗೆ ಒಂದು, ಆದಷ್ಟು ಪಕ್ಕಾಸಿನ ಎದುರಿಗೇ ಬರಲಿ. ಇಳಿಜಾರು 10 ಫೀಟಿಗೆ ಕಾಲಿಂದ ಅರ್ಧ ಇಂಚು, ನೂಲು ಕಟ್ಟಿ ನೋಡಿ. 40 ಫೀಟು ಇದ್ರೆ ನಡು ಎತ್ತರ ಮಾಡಿ ಎರಡು ಬದಿಗೂ ಪೈಪ್ ಇಳಿಸೋದು ಕ್ಷೇಮ. 40ಕ್ಕೆ 15 ಫೀಟಿನ ಒಂದು ಬದಿಯ ಮಾಡಿಗೆ ಗಂಟೆಗೆ 100 ಮಿ.ಮೀ. ಲೆಕ್ಕದಲ್ಲಿ ಮಳೆ ಹೊಡೆದ್ರೆ ನಿಮಿಷಕ್ಕೆ 90 ಲೀಟರ್ ಮೇಲೆ ನೀರು ಬರ್ತದೆ, ಆರು ಕೊಡಪಾನ! 4 ಇಂಚಿಗಿಂತ ಸಣ್ಣ ಪೈಪ್ ಬೇಡ.

ದಂಬೆಯ ಹಿಂದಿನ ಅಂಚು ಎದುರಿನ ಅಂಚಿಗಿಂತ ಅರ್ಧ ಇಂಚು ಎತ್ತರ ಇರಲಿ, ಕಸ ಕಟ್ಟಿ ತುಂಬಿದ್ರೂ ನೀರು ಅಂಗಳಕ್ಕೆ ಚೆಲ್ಲಬೇಕು, ಹಲಗೆ ಕಡೆಗಲ್ಲ. ಮೊದಲ ಹಂಚಿನ ಅಡಿಯಿಂದ ದಂಬೆಯ ಒಳಗೆ ಬರುವ ಹಾಗೆ ಅಲ್ಯೂಮಿನಿಯಂ ತಗಡು ಮಡಚಿ ಹಾಕಿಸಿ, ಹಂಚಿನ ಅಡಿಗೆ ಹರಿದು ಹಿಂದೆ ಬರುವ ನೀರು ಹಲಗೆಗೆ ಮುಟ್ಟೋದೇ ಇಲ್ಲ. ಇಡೀ ಕೆಲಸದಲ್ಲಿ ಇದಕ್ಕೇ ಖರ್ಚು ಕಮ್ಮಿ, ಲಾಭ ಹೆಚ್ಚು. ಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ, 10 ಮೀಟರಿಗೆ 20 ಡಿಗ್ರಿ ವ್ಯತ್ಯಾಸಕ್ಕೆ ಒಂದು ಸೆಂಟಿಮೀಟರಿಗಿಂತ ಹೆಚ್ಚು, ಎರಡು ತುದಿಯನ್ನೂ ಗೋಡೆಗೆ ಒತ್ತಿ ಬಿಗಿಯಬೇಡಿ.

ಹಲಗೆಯೇ ಇಲ್ಲದೆ ದಂಬೆ ಕಟ್ಟಬಹುದಾ?

ಧಾರಾಳ. ಪಕ್ಕಾಸಿನ ಬದಿಗೆ ಕಬ್ಬಿಣದ ಪಟ್ಟಿಯ ಕೊಕ್ಕೆ ಹೊಡೆದು ಕಟ್ಟಬಹುದು, ತುದಿಗೆ ಗಾಳಿ ಬೆಳಕು ಸಿಕ್ಕಿ ಬೇಗ ಒಣಗ್ತದೆ. ನೋಟ ಬೇಡದ ಹಟ್ಟಿ, ಕೊಟ್ಟಿಗೆ, ಅಡಿಕೆ ಗೋಡೌನಿಗೆ ನಾನು ಇದನ್ನೇ ಹೇಳೋದು.

ಯಾವಾಗ ಶುರು ಮಾಡೋದು?

ಮಕರ ಸಂಕ್ರಾಂತಿ ಕಳೆದ ಮೇಲೆ ಹಂಚು ಎತ್ತಿ ನೋಡಿ, ವಿಷುವಿನ ಒಳಗೆ ಮರದ ಕೆಲಸ, ಪತ್ತನಾಜೆಗೆ (ಮೇ ಕೊನೆಯ ವಾರದ ಹೊತ್ತು) ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಹೊತ್ತಿಗೆ ದಂಬೆ ಕೂತಿರಬೇಕು. ಮೇಯಲ್ಲಿ ಆಚಾರಿ ಹುಡುಕ್ಲಿಕ್ಕೆ ಹೊರಟ್ರೆ ಎಲ್ಲರೂ ಬಿಝಿ. ಮಳೆಗಾಲದ ನಡುವೆಯೇ ಬಿದ್ದಿದ್ರೆ? ದಂಬೆ ಬಿಚ್ಚಿಟ್ಟು ನೀರು ಅಂಗಳಕ್ಕೇ ಬೀಳ್ಲಿ ಬಿಡಿ, ಒದ್ದೆ ಮರಕ್ಕೆ ಪೈಂಟ್ ಹೊಡೆದು ಬಂದ್ ಮಾಡೋದು ಅಂದ್ರೆ ಕುಂಬಿಗೆ ಕಂಬಳಿ ಹೊದೆಸಿದ ಹಾಗೆ.

ಕರೆಂಟ್ ವೈರ್ ಮಾಡಿನ ಅಂಚಿಗೇ ಬಂದಿದೆ, ಪರವಾಗಿಲ್ವಾ?

ಅಲ್ಯೂಮಿನಿಯಂ ಏಣಿ, ತಗಡು, ಸರ್ವೀಸ್ ವೈರ್ ಮೂರೂ ಒಟ್ಟಿಗೆ ಬೇಡ. ಕೆಎಸ್ಇಬಿ (ಕೇರಳದ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ಹೇಳಿ ಲೈನ್ ಆಫ್ ಮಾಡಿಸಿಯೇ ಹತ್ತಿ, 1912ಕ್ಕೂ ಫೋನ್ ಮಾಡಬಹುದು.

ಇಷ್ಟು ನೀರು ಎಲ್ಲಿಗೆ ಬಿಡೋದು?

ಮುರಕಲ್ಲಿನ ಗೋಡೆ ಬುಡಕ್ಕಂತೂ ಬೇಡ. ಬಾವಿ ಹತ್ರ ಇದ್ರೆ ಜಲ್ಲಿ, ಇದ್ದಲು, ಮರಳು ಹಾಕಿದ ಟ್ಯಾಂಕಿಯಲ್ಲಿ ಸೋಸಿ ಬಾವಿಗೆ ಬಿಡಿ, ಮೊದಲ ಎರಡು ಮೂರು ಮಳೆಯ ನೀರು ಹೊರಗೆ ಹೋಗ್ಲಿ, ಹಂಚಿನ ಮೇಲಿನ ಹಾವಸೆ, ಹಕ್ಕಿ ಹಿಕ್ಕೆ ಎಲ್ಲ ಅದರಲ್ಲಿ ಇರ್ತದೆ. ಬಾಯಾರು, ಎಣ್ಮಕಜೆ ಕಡೆ ಸುರಂಗ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಾವಿ) ಇರುವವರು ಗುಡ್ಡದ ಮೇಲ್ಬದಿಯ ಇಂಗುಗುಂಡಿಗೆ ಪೈಪ್ ಎಳೆದದ್ದೂ ಉಂಟು. 100 ಚದರ ಮೀಟರ್ ಮಾಡಿಂದ ವರ್ಷಕ್ಕೆ, ಐದರಲ್ಲಿ ಒಂದು ಪಾಲು ನಷ್ಟ ಅಂತ ಬಿಟ್ಟರೂ, 2.8 ಲಕ್ಷ ಲೀಟರ್ ಆಗ್ತದೆ.

ಮತ್ತೆ ಎಷ್ಟು ವರ್ಷಕ್ಕೆ ಕೈ ಹಾಕಬೇಕು?

ದಂಬೆಯ ಎಲೆ ಮಳೆಗೆ ಮೊದಲು ಒಮ್ಮೆ, ಆಟಿಯಲ್ಲಿ (ಜುಲೈ-ಆಗಸ್ಟ್) ಬಿಸಿಲು ಬಂದ ದಿನ ಒಮ್ಮೆ, ತುಲಾ ಮಳೆ (ಅಕ್ಟೋಬರ್-ನವೆಂಬರ್ ಮಳೆ) ಮುಗಿದ ಮೇಲೆ ಒಮ್ಮೆ ತೆಗೀರಿ. ಹಲಸಿನ ಮರದ ಅಡಿಯ ಮನೆ ಆದ್ರೆ ಇದೂ ಸಾಲದು. ಜಾಲರಿ ಹಾಕಿದ್ರೆ ಎಲೆ ಜಾಲರಿ ಮೇಲೆ ಕೂರ್ತದೆ ಅಷ್ಟೇ, ಏಣಿ ಹತ್ತುವುದು ತಪ್ಪೋದಿಲ್ಲ. ಹತ್ತಿದಾಗ ಸ್ಕ್ರೂಡ್ರೈವರ್ ಒಂದು ಕಿಸೆಯಲ್ಲಿ ಇರಲಿ, ಜಾಯಿಂಟ್‌ಗೆ, ಮೂಲೆಗೆ ಚುಚ್ಚಿ ನೋಡಿ ಇಳೀರಿ.